ಬಾ, ಕೂರು, ತೆಗೆ: ಇಂಗ್ಲಿಷಿನ ಮೊದಲ ವಾಕ್ಯಗಳು

'ಕಮ್', 'ಸ್ಟಾಪ್', 'ವೇಟ್', 'ಲಿಸನ್'. ಇಂಗ್ಲಿಷಿನಲ್ಲಿ ಒಂದೇ ಪದಕ್ಕೆ ಮುಗಿದುಹೋಗುವ ಪೂರ್ಣ ವಾಕ್ಯಗಳಿವು. ಇವುಗಳಲ್ಲಿ ಕರ್ತೃಪದವಿಲ್ಲ, ಹಿಂದಿನದು ಮುಂದಿನದು ಎಂಬ ಕಾಲಭೇದವಿಲ್ಲ, ಏಕವಚನ ಬಹುವಚನದ ಗೊಡವೆಯೂ ಇಲ್ಲ. ಹೊಸದಾಗಿ ಇಂಗ್ಲಿಷ್ ಕಲಿಯುವವರನ್ನು ಮೊದಲ ದಿನದಿಂದಲೇ ಕಾಡುವ 'ಈಸ್', 'ಆರ್', 'ಡಸ್', 'ಡಿಡ್' ಯಾವುವೂ ಇಲ್ಲಿ ಅಡ್ಡ ಬರುವುದಿಲ್ಲ. ನಿಘಂಟಿನಲ್ಲಿ ಕ್ರಿಯಾಪದ ಹೇಗಿದೆಯೋ ಹಾಗೇ ಎತ್ತಿಕೊಂಡು ಆಡಿದರೆ ಆಯಿತು. ಅಪ್ಪಣೆ, ಹಾರೈಕೆ, ಸಮ್ಮತಿಗಳನ್ನು ತಿಳಿಸುವ ಇಂಥ ರೂಪವನ್ನು ಕನ್ನಡ ವ್ಯಾಕರಣ ವಿಧ್ಯರ್ಥ ಎನ್ನುತ್ತದೆ. ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕೆ ಹತ್ತಿರದ್ದು ಇಂಪರೇಟಿವ್.

ಆದರೂ ಎಷ್ಟೋ ಪಠ್ಯಪುಸ್ತಕಗಳು ಶುರುವಾಗುವುದು 'ದಿಸ್ ಈಸ್ ಎ ಪೆನ್' ಎಂಬ ವಾಕ್ಯದಿಂದ. ಕಣ್ಣೆದುರಿಗಿರುವ ಪೆನ್ನನ್ನು ತೋರಿಸಿ ಇದು ಪೆನ್ನು ಎಂದು ಹೇಳುವ ಸಂದರ್ಭ ದಿನನಿತ್ಯದಲ್ಲಿ ಬರುವುದೇ ಅಪರೂಪ. 'ಗಿವ್ ಮಿ ದ ಪೆನ್' ಎನ್ನುವ ಸಂದರ್ಭ ದಿನಕ್ಕೆ ನಾಲ್ಕು ಬಾರಿ ಬರುತ್ತದೆ. ಹೇಳಿದ ಮಾತು ಅರ್ಥವಾಯಿತೋ ಇಲ್ಲವೋ ಎಂಬುದೂ ತಕ್ಷಣ ಗೊತ್ತಾಗುತ್ತದೆ, ಪೆನ್ನು ಕೈಗೆ ಬರುತ್ತದೆ ಅಥವಾ ಬರುವುದಿಲ್ಲ. ಕಲಿಕೆಯನ್ನು ಅಪ್ಪಣೆಯ ವಾಕ್ಯಗಳಿಂದ ಆರಂಭಿಸುವುದು ಒಳ್ಳೆಯದು ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕನ್ನಡ ಮಾತಾಡುವವರಿಗೆ ಇನ್ನೊಂದು ಅನುಕೂಲವಿದೆ. ಇಂಗ್ಲಿಷ್ ಬಾರದು ಎನ್ನುವವರ ಬಾಯಲ್ಲೂ ಹತ್ತಾರು ಇಂಗ್ಲಿಷ್ ಕ್ರಿಯಾಪದಗಳು ಆಗಲೇ ನೆಲೆಸಿವೆ. ಗೇಟ್ ಓಪನ್ ಮಾಡು, ಕಾರ್ ಸ್ಟಾಪ್ ಮಾಡು, ಫಾರಂ ಫಿಲ್ ಮಾಡು, ರೂಮ್ ಕ್ಲೀನ್ ಮಾಡು, ಫೋನ್ ಚಾರ್ಜ್ ಮಾಡು, ಸ್ವಲ್ಪ ವೇಟ್ ಮಾಡು. ಇವುಗಳಿಂದ 'ಮಾಡು' ತೆಗೆದು, ಉಳಿದ ಇಂಗ್ಲಿಷ್ ಕ್ರಿಯಾಪದವನ್ನು ವಾಕ್ಯದ ಮುಂದಕ್ಕೆ ತಂದರೆ ಅಪ್ಪಣೆ ಸಿದ್ಧ: 'ಓಪನ್ ದ ಗೇಟ್', 'ಸ್ಟಾಪ್ ದ ಕಾರ್', 'ಫಿಲ್ ಇನ್ ದ ಫಾರಂ', 'ಕ್ಲೀನ್ ದ ರೂಮ್'. ಹೊಸ ಪದ ಕಲಿಯುವ ಮೊದಲೇ ಇಪ್ಪತ್ತು ಮೂವತ್ತು ವಾಕ್ಯಗಳು ಕೈಗೆ ಸಿಕ್ಕಂತಾಯಿತು.

ಈ ದಾರಿಯಲ್ಲಿ ಒಂದು ಗುಂಡಿಯೂ ಇದೆ. 'ಮಾಡು' ಜೊತೆ ಸೇರುವ ಇಂಗ್ಲಿಷ್ ಪದಗಳೆಲ್ಲ ಕ್ರಿಯಾಪದಗಳಲ್ಲ. ಫ್ಯಾನ್ ಆಫ್ ಮಾಡು ಎಂಬುದರಿಂದ 'ಮಾಡು' ತೆಗೆದರೆ ಉಳಿಯುವುದು 'ಆಫ್ ದ ಫ್ಯಾನ್'. ಕರ್ನಾಟಕದ ಮನೆ, ಆಫೀಸುಗಳಲ್ಲಿ ದಿನವೂ ಕೇಳಿಬರುವ ಈ ವಾಕ್ಯ ತಪ್ಪು. ಆಫ್, ಆನ್ ಎಂಬ ಪದಗಳು ತಾವೇ ಕ್ರಿಯೆಯನ್ನು ಹೇಳಲಾರವು, ಅವಕ್ಕೆ ಮುಂದೆ ಒಂದು ಕ್ರಿಯಾಪದ ಬೇಕು: 'ಟರ್ನ್ ಆಫ್ ದ ಫ್ಯಾನ್', 'ಸ್ವಿಚ್ ಆನ್ ದ ಲೈಟ್'. ನಟ್ಟು ಟೈಟ್ ಮಾಡು ಎಂಬುದು 'ಟೈಟನ್ ದ ನಟ್' ಆಗುತ್ತದೆ, ಲೂಸ್ ಮಾಡು ಎಂಬುದು 'ಲೂಸನ್' ಆಗುತ್ತದೆ. ನಲ್ಲಿ ನಿಲ್ಲಿಸು ಎನ್ನುವಾಗ 'ಕ್ಲೋಸ್ ದ ಟ್ಯಾಪ್' ಎಂಬುದು ನಮ್ಮಲ್ಲಿ ನಡೆಯುತ್ತದಾದರೂ, ಇಂಗ್ಲಿಷ್ ಮನೆಮಾತಿನವರು ಅಲ್ಲೂ 'ಟರ್ನ್ ಆಫ್' ಎನ್ನುತ್ತಾರೆ. ಹೀಗಾಗಿ 'ಮಾಡು' ತೆಗೆಯುವ ಉಪಾಯ ಬಳಸುವಾಗ, ಉಳಿದ ಪದ ಒಂದು ಕೆಲಸದ ಹೆಸರೋ ಒಂದು ಸ್ಥಿತಿಯ ಹೆಸರೋ ಎಂದು ನೋಡಿಕೊಳ್ಳಬೇಕು.

ಎರಡು ಭಾಷೆಗಳ ಪದಕ್ರಮ ಬೇರೆ ಬೇರೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಇಂಗ್ಲಿಷಿನ ಅಪ್ಪಣೆಯಲ್ಲಿ ಅದೇ ಮೊದಲು. 'ಪುಸ್ತಕವನ್ನು ಮೇಜಿನ ಮೇಲೆ ಇಡು' ಎಂಬುದು 'ಪುಟ್ ದ ಬುಕ್ ಆನ್ ದ ಟೇಬಲ್'. ಏನು ಮಾಡಬೇಕು, ಯಾವುದನ್ನು, ಎಲ್ಲಿ ಎಂಬ ಈ ಸಾಲನ್ನು ಅಭ್ಯಾಸ ಮಾಡಿಕೊಂಡರೆ ಮುಕ್ಕಾಲು ಪಾಲು ವಾಕ್ಯಗಳು ಸರಿಹೋಗುತ್ತವೆ. ಕನ್ನಡದಲ್ಲಿಲ್ಲದ 'ದ' ಮತ್ತು 'ಎ' ಆರಂಭದಲ್ಲಿ ಬಿಟ್ಟುಹೋಗುವುದು ಸಹಜ. 'ಓಪನ್ ಡೋರ್' ಎಂದರೂ ಎದುರಿನವರಿಗೆ ತಿಳಿಯುತ್ತದೆ. ಯಾವ ಬಾಗಿಲು ಎಂಬುದು ಇಬ್ಬರಿಗೂ ಗೊತ್ತಿದ್ದರೆ 'ದ', ಯಾವುದಾದರೂ ಒಂದು ಸಾಕು ಎಂದಿದ್ದರೆ 'ಎ' ಎಂಬಷ್ಟನ್ನು ಮೊದಲು ತಿಳಿದು, ಉಳಿದ ನಿಯಮಗಳನ್ನು ನಿಧಾನವಾಗಿ ರೂಢಿಸಿಕೊಳ್ಳಬಹುದು.

ಇಲ್ಲಿ ಬಂದ 'ಪುಟ್' ಪದದ ಬಗ್ಗೆ ಎರಡು ಮಾತು ಹೇಳಲೇಬೇಕು. 'ಇಡು' ಎನ್ನುವ ಕಡೆಯಲ್ಲೆಲ್ಲ ಕನ್ನಡಿಗರ ನಾಲಿಗೆಗೆ ಬರುವುದು 'ಕೀಪ್'. ಬ್ಯಾಗನ್ನು ಇಲ್ಲಿಡು ಎನ್ನಲು 'ಕೀಪ್ ದ ಬ್ಯಾಗ್ ಹಿಯರ್' ಎನ್ನುತ್ತಾರೆ. ಇಡುವ ಕೆಲಸಕ್ಕೆ 'ಪುಟ್' ಬೇಕು. ಇಟ್ಟದ್ದು ಹಾಗೇ ಇರಲಿ ಎನ್ನುವುದಕ್ಕೆ 'ಕೀಪ್'. ರಸ್ತೆಯ ಫಲಕದಲ್ಲಿರುವ 'ಕೀಪ್ ಲೆಫ್ಟ್' ಎಂದರೆ ಎಡಬದಿಯಲ್ಲೇ ಸಾಗುತ್ತಿರಿ ಎಂದು. 'ಕೀಪ್ ದ ಚೇಂಜ್' ಎಂದರೆ ಚಿಲ್ಲರೆ ನಿಮ್ಮಲ್ಲೇ ಇರಲಿ ಎಂದು. 'ಪುಟ್ ಆನ್', 'ಟೇಕ್ ಆಫ್', 'ಪಿಕ್ ಅಪ್', 'ಪುಟ್ ಡೌನ್' ಮುಂತಾದ ಜೋಡಿಪದಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. 'ಟೇಕ್ ಆಫ್ ಯುವರ್ ಶೂಸ್' ಎಂದೂ 'ಟೇಕ್ ಯುವರ್ ಶೂಸ್ ಆಫ್' ಎಂದೂ ಹೇಳಬಹುದು. ವಸ್ತುವಿನ ಬದಲಿಗೆ 'ಇಟ್', 'ದೆಮ್' ಬಂದರೆ ಮಾತ್ರ ಅದು ನಡುವೆಯೇ ಬರಬೇಕು: 'ಟೇಕ್ ದೆಮ್ ಆಫ್', 'ಪಿಕ್ ಇಟ್ ಅಪ್'. 'ಪಿಕ್ ಅಪ್ ಇಟ್' ಎಂದು ಯಾರೂ ಹೇಳುವುದಿಲ್ಲ.

'ನನಗೆ' ಎಂಬುದನ್ನು ಇಂಗ್ಲಿಷಿಗೆ ತರುವಾಗಲೂ ಎಡವುವುದುಂಟು. ನನಗೆ ಹೇಳು ಎಂಬುದಕ್ಕೆ 'ಟೆಲ್ ಮಿ' ಸಾಕು, ನಡುವೆ 'ಟು' ಬೇಡ. ನನಗೆ ವಿವರಿಸು ಎಂಬುದಕ್ಕೆ ಮಾತ್ರ 'ಎಕ್ಸ್‌ಪ್ಲೇನ್ ಇಟ್ ಟು ಮಿ' ಆಗಬೇಕು. ನನ್ನ ಮಾತು ಕೇಳು ಎಂದರೆ 'ಲಿಸನ್ ಟು ಮಿ', ನನಗಾಗಿ ಕಾಯಿ ಎಂದರೆ 'ವೇಟ್ ಫಾರ್ ಮಿ', ನನ್ನ ಕಡೆ ನೋಡು ಎಂದರೆ 'ಲುಕ್ ಅಟ್ ಮಿ'. ಇವುಗಳ ಹಿಂದೆ ನಿಯಮ ಹುಡುಕುತ್ತ ಕೂರುವುದಕ್ಕಿಂತ ಮೂರು ಪದಗಳನ್ನೂ ಒಟ್ಟಿಗೆ ಬಾಯಿಪಾಠ ಮಾಡುವುದು ಮೇಲು.

ಎಲ್ಲ ಅಪ್ಪಣೆಗಳೂ ಒಂದು ಕೆಲಸ ಮಾಡಿಸುವುದಕ್ಕಲ್ಲ, ಹೇಗಿರಬೇಕೆಂದು ಹೇಳುವುದಕ್ಕೂ ಬರುತ್ತವೆ. ಅಲ್ಲಿ ಬೇಕಾಗುವುದು 'ಬಿ': 'ಬಿ ಕ್ವಯಟ್', 'ಬಿ ಕೇರ್‌ಫುಲ್', 'ಬಿ ರೆಡಿ'. ಕನ್ನಡದ ಸುಮ್ಮನಿರು, ಹುಷಾರಾಗಿರು, ಸಿದ್ಧನಾಗಿರು ಎಂಬುವುಗಳಲ್ಲಿರುವ 'ಇರು' ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಹಾಗಾಗಿ ಇದು ಕನ್ನಡಿಗರಿಗೆ ಕಷ್ಟವಾಗುವ ಅಂಶವಲ್ಲ.

ಬೇಡ ಎನ್ನುವಾಗ ಕನ್ನಡದಲ್ಲಿ ಮಾಡಬೇಡ, ಮಾಡಬೇಡಿ, ಮಾಡಬಾರದು, ಮಾಡಕೂಡದು ಎಂದು ನಿಷೇಧ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದು ವಾಕ್ಯದ ಮೊದಲಿಗೇ ಹೋಗಿ ನಿಲ್ಲುತ್ತದೆ: 'ಡೋಂಟ್ ಟಚ್', 'ಡೋಂಟ್ ರನ್', 'ಡೋಂಟ್ ಬಿ ಲೇಟ್'. 'ಡೋಂಟ್' ನಂತರ ಬರುವ ಕ್ರಿಯಾಪದ ಬದಲಾಗುವುದಿಲ್ಲ. 'ಡೋಂಟ್ ಟು ಗೋ', 'ಡೋಂಟ್ ಗೋಯಿಂಗ್' ಎರಡೂ ತಪ್ಪು. ಮಾತಿನಲ್ಲಿ 'ಡೋಂಟ್' ಸಹಜ. ಫಲಕಗಳಲ್ಲಿ, ನಿಯಮಪತ್ರಗಳಲ್ಲಿ 'ಡು ನಾಟ್' ಎಂದು ಬಿಡಿಸಿ ಬರೆಯುತ್ತಾರೆ. ಮಾತಿನಲ್ಲಿ ಬಿಡಿಸಿ ಹೇಳಿದರೆ ಗದರಿದಂತೆ ಕೇಳಿಸುತ್ತದೆ. ಎಂದೆಂದಿಗೂ ಬೇಡ ಎನ್ನಬೇಕಾದರೆ 'ನೆವರ್' ಇದೆ: 'ನೆವರ್ ಶೇರ್ ಯುವರ್ ಒಟಿಪಿ'.

ಒಂದರ ಹಿಂದೊಂದು ಕೆಲಸ ಹೇಳುವಾಗ ಕನ್ನಡ ಬಲು ಚೊಕ್ಕ. 'ಅಂಗಡಿಗೆ ಹೋಗಿ, ಹಾಲು ತಂದು, ಕಾಯಿಸಿಡು' ಎಂಬಲ್ಲಿ ಅಪ್ಪಣೆಯಿರುವುದು ಕೊನೆಯ ಪದದಲ್ಲಿ ಮಾತ್ರ. ಹೋಗಿ, ತಂದು ಎಂಬುವು ಅದಕ್ಕೆ ತಲೆಬಾಗಿ ನಿಂತಿವೆ. ಇಂಗ್ಲಿಷಿನಲ್ಲಿ ಪ್ರತಿಯೊಂದೂ ಸ್ವತಂತ್ರ ಅಪ್ಪಣೆ, ನಡುವೆ 'ಆಂಡ್': 'ಗೋ ಟು ದ ಶಾಪ್, ಗೆಟ್ ಸಮ್ ಮಿಲ್ಕ್ ಆಂಡ್ ಬಾಯಿಲ್ ಇಟ್'. ಕನ್ನಡದ ಜಾಡಿನಲ್ಲಿ 'ಗೋಯಿಂಗ್ ಟು ದ ಶಾಪ್ ಬ್ರಿಂಗ್ ಮಿಲ್ಕ್' ಎಂದು ಹೊರಟರೆ ವಾಕ್ಯ ದಾರಿ ತಪ್ಪುತ್ತದೆ. ಕೆಲಸಗಳು ಮೂರಕ್ಕಿಂತ ಹೆಚ್ಚಾದರೆ 'ಫಸ್ಟ್', 'ದೆನ್', 'ಆಫ್ಟರ್ ದಟ್' ಎಂದು ಬಿಡಿಬಿಡಿಯಾಗಿ ಹೇಳುವುದು ಕೇಳುವವರಿಗೂ ಹಿತ. 'ನಾನು ಬರುವ ತನಕ ಕಾಯಿ' ಎನ್ನುವಲ್ಲಿ 'ವೇಟ್ ಅಂಟಿಲ್ ಐ ಕಮ್' ಎಂದರೆ ಸಾಕು. ಬರುವುದು ಮುಂದಿನ ಮಾತಾದರೂ ಅಲ್ಲಿ 'ವಿಲ್' ಬರುವುದಿಲ್ಲ.

ಇಷ್ಟು ವ್ಯಾಕರಣದ ಮಾತು. ಒಂದೆರಡು ವಾರದ ಅಭ್ಯಾಸದಿಂದ ಇದು ಹಿಡಿತಕ್ಕೆ ಬರುತ್ತದೆ. ನಿಜವಾದ ತೊಡಕು ಇರುವುದು ಮರ್ಯಾದೆಯಲ್ಲಿ.

ಕನ್ನಡದ ಅಪ್ಪಣೆಯೊಳಗೇ ಗೌರವ ಅಡಗಿದೆ. ಮಗುವಿಗೆ ಬಾ, ಹಿರಿಯರಿಗೆ ಬನ್ನಿ. ತಮ್ಮನಿಗೆ ಕೊಡು, ಅಂಗಡಿಯವರಿಗೆ ಕೊಡಿ. 'ಒಂದು ಕೆಜಿ ಸಕ್ಕರೆ ಕೊಡಿ' ಎಂದಾಗ ಆ ಕೊನೆಯ ಇಕಾರ ಸೌಜನ್ಯದ ಭಾರವನ್ನೆಲ್ಲ ಹೊತ್ತುಕೊಳ್ಳುತ್ತದೆ. ಅದಕ್ಕೆ 'ದಯವಿಟ್ಟು' ಸೇರಿಸಿದರೆ ಮಾತು ಸರ್ಕಾರಿ ಪ್ರಕಟಣೆಯಂತಾಗುತ್ತದೆ. ಇಂಗ್ಲಿಷಿನ 'ಕಮ್', 'ಗಿವ್' ಎಂಬುವುಗಳಲ್ಲಿ ಈ ವ್ಯತ್ಯಾಸವಿಲ್ಲ. ಅಜ್ಜನಿಗೂ ಮೊಮ್ಮಗನಿಗೂ ಅದೇ ಪದ. ಆದ್ದರಿಂದ ಗೌರವವನ್ನು ಪದದ ಹೊರಗೆ ಬೇರೆಯಾಗಿ ಸೇರಿಸಬೇಕು. 'ಪ್ಲೀಸ್' ಮಾಡುವುದು ಆ ಕೆಲಸವನ್ನೇ. ಕನ್ನಡಿಗರು ಮನೆಯಲ್ಲಿ 'ದಯವಿಟ್ಟು' ಎನ್ನುವ ರೂಢಿ ಇಲ್ಲವಾದ್ದರಿಂದ ಇಂಗ್ಲಿಷಿನಲ್ಲೂ 'ಪ್ಲೀಸ್' ಮರೆಯುತ್ತಾರೆ. ಮನಸ್ಸಿನಲ್ಲಿ 'ಕೊಡಿ' ಎಂದುಕೊಂಡು ಬಾಯಲ್ಲಿ 'ಗಿವ್ ಮಿ ವನ್ ಕೆಜಿ ಶುಗರ್' ಎನ್ನುತ್ತಾರೆ. ಎದುರಿನವರಿಗೆ ಅದು 'ಕೊಡು' ಎಂದಂತೆ ಕೇಳಿಸುತ್ತದೆ. ಹೊರದೇಶಗಳಿಗೆ ಹೋದ ಎಷ್ಟೋ ಸಭ್ಯ ಕನ್ನಡಿಗರ ಮಾತು ಒರಟು ಎನಿಸಲು ಇದೂ ಒಂದು ಕಾರಣ. ಇದರಲ್ಲಿ ಅವರ ನಡತೆಯ ದೋಷ ಸ್ವಲ್ಪವೂ ಇಲ್ಲ, ಒಂದು ಭಾಷೆಯ ಗೌರವ ಇನ್ನೊಂದು ಭಾಷೆಗೆ ದಾಟುವಾಗ ಉದುರಿಹೋಗಿರುತ್ತದೆ ಅಷ್ಟೆ.

'ನೀವು' ಎಂಬುದರಲ್ಲೂ ಇಂಥದೇ ಅಪಾಯವಿದೆ. 'ನೀವು ಇಲ್ಲಿ ಕೂತ್ಕೊಳ್ಳಿ' ಎನ್ನುವುದು ಕನ್ನಡದಲ್ಲಿ ಆದರದ ಮಾತು. ಅದನ್ನೇ 'ಯು ಸಿಟ್ ಹಿಯರ್' ಎಂದರೆ ಬೆರಳು ತೋರಿಸಿ ಕೂರಿಸಿದಂತಾಗುತ್ತದೆ. ಇಂಗ್ಲಿಷಿನಲ್ಲಿ 'ಯು' ಬಿಟ್ಟು, 'ಪ್ಲೀಸ್ ಸಿಟ್ ಹಿಯರ್' ಅಥವಾ 'ಪ್ಲೀಸ್ ಹ್ಯಾವ್ ಎ ಸೀಟ್' ಎಂದರೆ ಹದವಾಗಿರುತ್ತದೆ.

ಮೆದುಗೊಳಿಸುವ ಇನ್ನೊಂದು ದಾರಿ ಪ್ರಶ್ನೆ. ಇದು ಕನ್ನಡಿಗರಿಗೆ ಹೊಸದಲ್ಲ. ಬಸ್ಸಿನಲ್ಲಿ 'ಸ್ವಲ್ಪ ಸರೀತೀರಾ?' ಎಂದು ಕೇಳುವವರು ಉತ್ತರಕ್ಕಾಗಿ ಕೇಳುತ್ತಿಲ್ಲ, ಜಾಗಕ್ಕಾಗಿ ಕೇಳುತ್ತಿದ್ದಾರೆ. ಇಂಗ್ಲಿಷಿನ 'ಕ್ಯಾನ್ ಯು', 'ಕುಡ್ ಯು' ಹೀಗೆಯೇ ನಡೆಯುತ್ತವೆ. 'ಕ್ಲೋಸ್ ದ ವಿಂಡೋ' ಎಂಬುದಕ್ಕಿಂತ 'ಪ್ಲೀಸ್ ಕ್ಲೋಸ್ ದ ವಿಂಡೋ' ಮೃದು, ಅದಕ್ಕಿಂತ 'ಕ್ಯಾನ್ ಯು ಕ್ಲೋಸ್ ದ ವಿಂಡೋ', ಇನ್ನೂ ಮೃದು 'ಕುಡ್ ಯು ಪ್ಲೀಸ್ ಕ್ಲೋಸ್ ದ ವಿಂಡೋ'. ಗುರುತಿಲ್ಲದವರ ಹತ್ತಿರ ಈ ಕೊನೆಯದನ್ನು ಬಳಸಿದರೆ ಎಂದೂ ತಪ್ಪಾಗುವುದಿಲ್ಲ. 'ವುಡ್ ಯು ಮೈಂಡ್' ಎಂದು ಆರಂಭವಾಗುವ ಪ್ರಶ್ನೆಯ ಹತ್ತಿರ ಮಾತ್ರ ಎಚ್ಚರ ಬೇಕು. 'ವುಡ್ ಯು ಮೈಂಡ್ ಮೂವಿಂಗ್ ಎ ಲಿಟ್ಲ್?' ಎಂದರೆ, ಸ್ವಲ್ಪ ಸರಿದರೆ ನಿಮಗೇನಾದರೂ ತೊಂದರೆಯೇ ಎಂದರ್ಥ. ಸರಿಯಲು ಒಪ್ಪಿಗೆ ಇದ್ದರೆ ಉತ್ತರ 'ನೋ, ನಾಟ್ ಅಟ್ ಆಲ್'. ವಿನಯದಿಂದ 'ಯೆಸ್' ಎಂದರೆ ಆಗುವುದಿಲ್ಲ ಎಂದಂತಾಗುತ್ತದೆ. ನಮ್ಮ ಆಫೀಸು ಪತ್ರಗಳಲ್ಲಿ ತುಂಬಿರುವ 'ಕೈಂಡ್ಲಿ' ಕಾಗದದ ಮೇಲೆ ನಡೆಯುತ್ತದೆ, ಮಾತಿನಲ್ಲಿ ಬಿಗಿಯೆನಿಸುತ್ತದೆ.

ಹಾಗೆಂದು ಪ್ರತಿ ಅಪ್ಪಣೆಗೂ ಬಟ್ಟೆ ತೊಡಿಸಬೇಕಿಲ್ಲ. ಬ್ರಿಟಿಷ್ ಭಾಷಾವಿಜ್ಞಾನಿ ಜೆಫ್ರಿ ಲೀಚ್ 1983ರ ತಮ್ಮ ಗ್ರಂಥದಲ್ಲಿ ಇದರ ಸೂತ್ರವನ್ನು ವಿವರಿಸಿದ್ದಾರೆ: ಹೇಳಿದ ಕೆಲಸದಿಂದ ಲಾಭ ಯಾರಿಗೆ, ಶ್ರಮ ಯಾರಿಗೆ ಎಂಬುದನ್ನು ನೋಡಬೇಕು. ಲಾಭ ಕೇಳುವವರಿಗೇ ಆದರೆ ಬರೀ ಅಪ್ಪಣೆಯೂ ಸೌಜನ್ಯವೇ. 'ಕಮ್ ಇನ್', 'ಹ್ಯಾವ್ ಸಮ್ ಟೀ', 'ಟೇಕ್ ಕೇರ್', 'ಹ್ಯಾವ್ ಎ ಸೇಫ್ ಜರ್ನಿ' ಇವುಗಳಿಗೆ ಪ್ರಶ್ನೆಯ ಮುಸುಕು ಬೇಡ. ಊಟಕ್ಕೆ ಕೂತವರಿಗೆ 'ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ' ಎಂದು ಒತ್ತಾಯ ಮಾಡುವುದು ಗೌರವವೇ ಆಗಿರುವಂತೆ ಇದೂ. ಲಾಭ ಹೇಳುವವರದು, ಶ್ರಮ ಕೇಳುವವರದು ಎಂದಾದಾಗ ಮಾತು ಮೆದುವಾಗಬೇಕು. ಅಪಾಯದ ಹೊತ್ತಿನಲ್ಲಿ ಈ ಲೆಕ್ಕವೂ ಇಲ್ಲ. ಲಾರಿ ಹಿಂದೆ ಬರುತ್ತಿರುವಾಗ ಬೇಕಾದದ್ದು 'ಸ್ಟಾಪ್!', 'ವಾಚ್ ಔಟ್!' ಮಾತ್ರ.

ಹೇಳುವವರೂ ಸೇರಿಕೊಳ್ಳುವ ಅಪ್ಪಣೆಗೆ 'ಲೆಟ್ಸ್' ಬಳಕೆಯಾಗುತ್ತದೆ. ಹೋಗೋಣ ಎಂದರೆ 'ಲೆಟ್ಸ್ ಗೋ', ಶುರು ಮಾಡೋಣ ಎಂದರೆ 'ಲೆಟ್ಸ್ ಸ್ಟಾರ್ಟ್'. ಅವನು ಬರಲಿ ಎಂಬುದು 'ಲೆಟ್ ಹಿಮ್ ಕಮ್'. ಕನ್ನಡದ 'ಓಣ' ಮತ್ತು 'ಅಲಿ' ರೂಪಗಳೆರಡನ್ನೂ ಒಂದೇ 'ಲೆಟ್' ನಿಭಾಯಿಸುತ್ತದೆ.

ಇದನ್ನೆಲ್ಲ ಕಲಿಸುವ ಬಗೆ ಹೇಗೆ? ಅಪ್ಪಣೆಯನ್ನು ಪುಸ್ತಕದಿಂದ ಓದಿಸುವುದಕ್ಕಿಂತ ಮೈಯಿಂದ ಮಾಡಿಸಬೇಕು ಎಂಬ ವಿಚಾರಕ್ಕೆ ನೂರು ವರ್ಷದ ಹಿನ್ನೆಲೆ ಇದೆ. ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯ ಸುಧಾರಣೆಗೆ ದುಡಿದ ಹೆರಾಲ್ಡ್ ಪಾಮರ್ 1925ರಲ್ಲಿ ಟೋಕಿಯೊದಿಂದ ಮಗಳು ಡೊರೊತಿಯ ಜೊತೆಗೂಡಿ 'ಇಂಗ್ಲಿಷ್ ಥ್ರೂ ಆಕ್ಷನ್ಸ್' ಎಂಬ ಪುಸ್ತಕ ಪ್ರಕಟಿಸಿದರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಇದೇ ವಿಚಾರವನ್ನು ಪ್ರಯೋಗಗಳ ಮೂಲಕ ಬೆಳೆಸಿ 'ಟೋಟಲ್ ಫಿಸಿಕಲ್ ರೆಸ್ಪಾನ್ಸ್' ಎಂದು ಹೆಸರಿಟ್ಟರು. ಮಗು ಮಾತಾಡುವ ಎಷ್ಟೋ ಮೊದಲೇ 'ಬಾ', 'ತಾ', 'ಬಾಯಿ ತೆಗೆ' ಎಂಬುದನ್ನು ಕೇಳಿ ಅದರಂತೆ ನಡೆಯುತ್ತದೆ. ಎರಡನೆಯ ಭಾಷೆಯನ್ನೂ ಹಾಗೆಯೇ ಕಿವಿ ಮತ್ತು ಮೈಯಿಂದ ಒಳಗೆ ಬಿಟ್ಟುಕೊಳ್ಳಬೇಕು, ಮಾತು ತಾನಾಗಿ ಬರುವವರೆಗೆ ಒತ್ತಾಯಿಸಬಾರದು ಎಂಬುದು ಅವರ ನಿಲುವು.

ಈ ಪಾಠ ತರಗತಿಯಲ್ಲಿ ನಡೆಯುವ ರೀತಿ ಸರಳ. ಶಿಕ್ಷಕಿ 'ಸ್ಟಾಂಡ್ ಅಪ್' ಎಂದು ತಾವೇ ನಿಲ್ಲುತ್ತಾರೆ, 'ಸಿಟ್ ಡೌನ್' ಎಂದು ಕೂರುತ್ತಾರೆ. ಮಕ್ಕಳು ಜೊತೆಗೆ ಮಾಡುತ್ತಾರೆ. ಆಮೇಲೆ ಶಿಕ್ಷಕಿ ಸುಮ್ಮನೆ ನಿಂತು ಹೇಳುತ್ತಾರೆ, ಮಕ್ಕಳು ಮಾತ್ರ ಮಾಡುತ್ತಾರೆ. 'ವಾಕ್ ಟು ದ ಡೋರ್', 'ಟಚ್ ದ ವಾಲ್', 'ಪಿಕ್ ಅಪ್ ದ ಚಾಕ್' ಬರುತ್ತವೆ. ಐದಾರು ಕ್ರಿಯಾಪದ, ಏಳೆಂಟು ವಸ್ತುಗಳ ಹೆಸರು ಗೊತ್ತಾದ ಮೇಲೆ ಅದುವರೆಗೆ ಕೇಳಿರದ ಜೋಡಣೆ ಬರುತ್ತದೆ: 'ಪುಟ್ ದ ಚಾಕ್ ಅಂಡರ್ ದ ಚೇರ್'. ಒಂದು ಕ್ಷಣ ತಡೆದು, ಮಗು ಸೀಮೆಸುಣ್ಣವನ್ನು ಕುರ್ಚಿಯ ಕೆಳಗೆ ಇಟ್ಟಾಗ, ಅದು ಬಾಯಿಪಾಠ ಒಪ್ಪಿಸುತ್ತಿಲ್ಲ, ವಾಕ್ಯವನ್ನು ಬಿಡಿಸಿ ಅರ್ಥಮಾಡಿಕೊಂಡಿದೆ ಎಂಬುದು ಖಚಿತವಾಗುತ್ತದೆ. ಶಿಕ್ಷಕಿ ಪ್ರತಿ ಮಾತಿನ ಬೆನ್ನಿಗೇ ಕನ್ನಡದ ಅರ್ಥ ಹೇಳಿಬಿಟ್ಟರೆ ಈ ಕ್ಷಣ ಕೈತಪ್ಪುತ್ತದೆ. ಮಕ್ಕಳು ಇಂಗ್ಲಿಷ್ ಕೇಳಿಸಿಕೊಳ್ಳದೆ ಕನ್ನಡಕ್ಕಾಗಿ ಕಾಯತೊಡಗುತ್ತಾರೆ.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಬೋಧನಾ ಪ್ರಯೋಗ ಭಾಷಾಬೋಧಕರ ನಡುವೆ ಜಗತ್ತಿನಾದ್ಯಂತ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ವ್ಯಾಕರಣವನ್ನು ನೇರವಾಗಿ ಕಲಿಸದೆ, ಮಕ್ಕಳ ಗಮನವನ್ನೆಲ್ಲ ಒಂದು ಕೆಲಸ ಮುಗಿಸುವುದರ ಮೇಲೆ ಇರಿಸಿದರೆ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅದರ ಮೂಲ ನಂಬಿಕೆ. ಸೂಚನೆ ಕೇಳಿ ಚಿತ್ರದ ಭಾಗಗಳಿಗೆ ಅಕ್ಷರ, ಅಂಕಿ ಬರೆಯುವುದು ಅದರ ಚಟುವಟಿಕೆಗಳಲ್ಲಿ ಒಂದಾಗಿತ್ತು. ಪ್ರಭು ಅವರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' 1987ರಲ್ಲಿ ಹೊರಬಂತು. ಈ ಜಾಡಿನ ಚಟುವಟಿಕೆಗೆ ಸ್ಲೇಟು, ಬಳಪ ಸಾಕು: 'ಡ್ರಾ ಎ ಸ್ಕ್ವೇರ್. ರೈಟ್ ಎ ಇನ್ ದ ಟಾಪ್ ಲೆಫ್ಟ್ ಕಾರ್ನರ್. ಡ್ರಾ ಎ ಸರ್ಕಲ್ ಬಿಲೋ ದ ಸ್ಕ್ವೇರ್.' ಎಲ್ಲರ ಸ್ಲೇಟುಗಳನ್ನು ಅಕ್ಕಪಕ್ಕ ಇಟ್ಟರೆ ಯಾರಿಗೆ ಯಾವ ಪದ ತಿಳಿದಿಲ್ಲ ಎಂಬುದು ಪರೀಕ್ಷೆಯಿಲ್ಲದೆ ಗೊತ್ತಾಗುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷಾವಿಷಯವಾಗಿ ಬಂದಿದೆ. ಓದು ಬರಹ ಇನ್ನೂ ಕುದುರದ ಆ ವಯಸ್ಸಿಗೆ ಇದಕ್ಕಿಂತ ಒಪ್ಪುವ ಪಾಠ ಸಿಗುವುದು ಕಷ್ಟ.

ದೊಡ್ಡವರಿಗೆ ಅವರವರ ಕೆಲಸದ ಅಪ್ಪಣೆಗಳೇ ಮೊದಲ ಪಾಠವಾಗಬೇಕು. ಆಟೋ ಚಾಲಕರ ಕಿವಿಗೆ ಬೀಳುವುದು 'ಗೋ ಸ್ಟ್ರೈಟ್', 'ಟೇಕ್ ದ ಸೆಕೆಂಡ್ ಲೆಫ್ಟ್', 'ಸ್ಟಾಪ್ ನಿಯರ್ ದ ಸಿಗ್ನಲ್'. ಆಸ್ಪತ್ರೆಯ ದಾದಿಗೆ ಬೇಕಾದದ್ದು 'ರೋಲ್ ಅಪ್ ಯುವರ್ ಸ್ಲೀವ್', 'ಟೇಕ್ ಎ ಡೀಪ್ ಬ್ರೆತ್', 'ಲೈ ಡೌನ್', 'ಟರ್ನ್ ಓವರ್'. ಅಪಾರ್ಟ್‌ಮೆಂಟಿನ ಗೇಟಿನಲ್ಲಿರುವವರಿಗೆ 'ಪ್ಲೀಸ್ ಸೈನ್ ಹಿಯರ್', 'ಪ್ಲೀಸ್ ವೇಟ್ ಎ ಮಿನಿಟ್'. ಹತ್ತು ಹನ್ನೆರಡು ವಾಕ್ಯಗಳಲ್ಲಿ ದಿನದ ಕೆಲಸ ಸಾಗುತ್ತದೆ.

ಔಷಧದ ಬಾಟಲಿಯ ಮೇಲಿನ ಬರಹವನ್ನು ಎಲ್ಲರೂ ಓದಲು ಕಲಿಯಬೇಕು. 'ಶೇಕ್ ವೆಲ್ ಬಿಫೋರ್ ಯೂಸ್' ಎಂದರೆ ಕುಡಿಯುವ ಮುನ್ನ ಚೆನ್ನಾಗಿ ಕುಲುಕಿ ಎಂದು. 'ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್' ಎಂದರೆ ಮಕ್ಕಳ ಕೈಗೆ ಸಿಗದಂತೆ ಇಡಿ ಎಂದು. 'ಸ್ಟೋರ್ ಇನ್ ಎ ಕೂಲ್, ಡ್ರೈ ಪ್ಲೇಸ್' ಎಂದರೆ ತಂಪಾದ, ತೇವವಿಲ್ಲದ ಜಾಗದಲ್ಲಿಡಿ ಎಂದು. ಯಾವುದನ್ನು ಎಂಬ ಪದ ಇಲ್ಲೆಲ್ಲೂ ಇಲ್ಲ, ಬಾಟಲಿ ಕೈಯಲ್ಲೇ ಇರುವುದರಿಂದ ಬೇಕಾಗಿಯೂ ಇಲ್ಲ. ಅಳತೆಯ ಮಾತಿಗೆ ಬಂದರೆ ಒಂದೊಂದು ಪದವೂ ಮುಖ್ಯ. 'ಟೇಕ್ ವನ್ ಟ್ಯಾಬ್ಲೆಟ್ ಟ್ವೈಸ್ ಎ ಡೇ' ಎಂದರೆ ದಿನಕ್ಕೆರಡು ಸಲ ಒಂದೊಂದು ಮಾತ್ರೆ, 'ಟೇಕ್ ಟು ಟ್ಯಾಬ್ಲೆಟ್ಸ್ ವನ್ಸ್ ಎ ಡೇ' ಎಂದರೆ ಒಂದೇ ಸಲಕ್ಕೆ ಎರಡು. ಅದಲು ಬದಲಾದರೆ ಒಂದೇ ಹೊತ್ತಿನಲ್ಲಿ ಒಳಗೆ ಹೋಗುವ ಔಷಧದ ಪ್ರಮಾಣ ಇಮ್ಮಡಿಯಾಗುತ್ತದೆ.

ಅಪ್ಪಣೆ ಕೊಡುವುದನ್ನು ಕಲಿತಷ್ಟೇ, ಬಂದ ಅಪ್ಪಣೆಗೆ ಉತ್ತರ ಕೊಡುವುದನ್ನೂ ಕಲಿಯಬೇಕು. ಒಪ್ಪಿದ್ದಕ್ಕೆ 'ಶೂರ್' ಅಥವಾ 'ಓಕೆ', ತಡವಾಗುವುದಾದರೆ 'ಜಸ್ಟ್ ಎ ಮಿನಿಟ್'. ಅರ್ಥವಾಗದಿದ್ದಾಗ ತಲೆಯಾಡಿಸಿ ಸುಮ್ಮನಾಗುವುದು ಹೊಸಬರ ಸಾಮಾನ್ಯ ಅಭ್ಯಾಸ, ಕೆಲಸ ಕೆಡುವುದೂ ಅಲ್ಲೇ. ಆಗ ಬೇಕಾಗುವುವು ಮೂರು ವಾಕ್ಯಗಳು: 'ಪ್ಲೀಸ್ ಸೇ ಇಟ್ ಅಗೇನ್', 'ಪ್ಲೀಸ್ ಸ್ಪೀಕ್ ಸ್ಲೋಲಿ', 'ಪ್ಲೀಸ್ ರೈಟ್ ಇಟ್ ಡೌನ್'. ಹೇಳಿದ್ದನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವುದು ಇನ್ನೂ ಒಳ್ಳೆಯದು. 'ಟೇಕ್ ದ ಸೆಕೆಂಡ್ ಲೆಫ್ಟ್' ಎಂದವರಿಗೆ 'ಸೆಕೆಂಡ್ ಲೆಫ್ಟ್?' ಎಂದು ಕೇಳಿದರೆ, ತಪ್ಪಿದ್ದರೆ ಅವರೇ ತಿದ್ದುತ್ತಾರೆ, ಸರಿಯಿದ್ದರೆ ಗಾಡಿ ಮುಂದೆ ಹೋಗುತ್ತದೆ.